ಕಮಾನಿನ ಬದಲು ಚಿಲಕ

ಪ್ರೀತಿಯ ಅತ್ತಿಗೆ,

ಸೂರ್ಯಚಂದ್ರರಿರುವ ತನಕ ನೆನಪಿಡಬೇಕಾದ ಸುದ್ದಿ: ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಕೊಡಗಿನ ಕಕ್ಕಬೆಯಾಚೆಯ ಈ ಹಳ್ಳಿಯ ಬಸ್ ನಿಲ್ದಾಣದಲ್ಲಿ, ಹೆಂಗಸರ ಶೌಚಾಲಯದ ಬಾಗಿಲಿಗೆ ಒಳಗಡೆಯಿಂದ ಒಂದು ಚಿಲಕ ಜಡಿಯಲಾಯಿತು. ಪಂಚಾಯಿತಿ ಅಧ್ಯಕ್ಷೆ ಚೋಮಿಯವರು ತೆಂಗಿನಕಾಯಿ ಒಡೆದರು. ನಾನೂ ಚಪ್ಪಾಳೆ ತಟ್ಟಿದೆ.

ನಡೆದದ್ದಿಷ್ಟು. ಬಜೆಟ್ಟಿನಲ್ಲಿ ಮಹಿಳೆಯರಿಗೆಂದು ತೆಗೆದಿಟ್ಟ ಹಣದಲ್ಲಿ ಊರ ಮುಂದೆ ‘ಮಹಿಳಾ ಸಬಲೀಕರಣ ಕಮಾನು’ ಕಟ್ಟಿಸುವುದೆಂದು ಬರೆದಿದ್ದರು. ಹೋದ ವಾರ ಮಹಿಳಾ ಗ್ರಾಮಸಭೆಯಲ್ಲಿ ಪಂಚಾಯಿತಿ ಸದಸ್ಯ ಧರ್ಮೇಂದ್ರ ಅದನ್ನು ಓದಿದ್ದೇ ತಡ, ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ತುಳಸಿ ಎದ್ದು ನಿಂತಳು. ಹೆಂಗಸರ ಸಭೆಯಾದರೂ ಕುತೂಹಲಕ್ಕೆ ಹೋಗಿ ನಾನು ಹಿಂದಿನ ಬೆಂಚಿನಲ್ಲಿದ್ದೆ.

“ಸಾರ್, ಬಸ್ ಸ್ಟ್ಯಾಂಡ್ ಶೌಚಾಲಯದಲ್ಲಿ ನಮ್ಮಲ್ಲೊಬ್ಳು ಒಳಗೆ ಹೋದ್ರೆ ಇನ್ನೊಬ್ಳು ಹೊರಗೆ ಬಾಗಿಲು ಹಿಡ್ಕೊಂಡು ನಿಲ್ಬೇಕು.”

“ಕಮಾನೂ ನಿಮಗೇ ಅಲ್ವೇನಮ್ಮ?” ಎಂದರು ಧರ್ಮೇಂದ್ರ.

“ಹಾಗಾದ್ರೆ ಅದಕ್ಕೇ ಒಂದು ಬಾಗಿಲಿಟ್ಟು ಚಿಲಕ ಹಾಕ್ಸಿ. ಅಲ್ಲೇ ಹೋಗ್ತೀವಿ!”

ಸಭೆ ನಕ್ಕ ರಭಸಕ್ಕೆ ಕಮಾನು ಕಟ್ಟುವ ಮೊದಲೇ ಉರುಳಿತು. ಅದೇ ಹಣದಲ್ಲಿ ಈಗ ಚಿಲಕ, ನಲ್ಲಿ, ದೀಪ, ಜೊತೆಗೆ ಕಾರ್ಮಿಕರ ಲೈನ್ ಮನೆಗಳ ಬಳಿ ಇನ್ನೆರಡು ಶೌಚಾಲಯ. ಇನ್ನು ಮುಂದೆ ಹೆಂಗಸರ ಹೆಸರಿನ ಯಾವ ಖರ್ಚಿಗೂ ಮೊದಲು ಹೆಂಗಸರೇ ಹೂಂ ಅನ್ನಬೇಕೆಂದು ಠರಾವಾಗಿದೆ. ಧರ್ಮೇಂದ್ರರೇ ಅದನ್ನು ಬರೆದುಕೊಂಡರು, ಪಾಪ.

ನನ್ನ ನೆಗಡಿ ಕಾಳುಮೆಣಸಿನ ಕಷಾಯಕ್ಕೆ ಹೆದರಿ ಓಡಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ತುಳಸಿಗೆ ನಮ್ಮ ಮನೆಯ ವಿಳಾಸ ಸಿಗುವ ಮೊದಲು, ನೀವು ಮೂರು ವರ್ಷದಿಂದ ಕೇಳುತ್ತಿರುವ ಬಚ್ಚಲ ಚಿಲಕದ ಅಳತೆ ತೆಗೆದು ಫೋನ್ ಮಾಡಿ ತಿಳಿಸಿ. ಬರುವಾಗ ತರುತ್ತೇನೆ.

ನಿಮ್ಮ ಮೈದುನ