ಎಡಗೈಗೊಂದು ಚಕ್ರ

ನ್ಯಾಲ್ಕಲ್,
೫ ಅಕ್ಟೋಬರ್ ೨೦೧೧

ಪ್ರೀತಿಯ ಕ್ರಾಂತಿ ಅಣ್ಣನಿಗೆ,

ಜೈ ಭೀಮ್. ಜೈ ತೆಲಂಗಾಣ.

ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಪ್ರತ್ಯೇಕ ತೆಲಂಗಾಣಕ್ಕಾಗಿ ಮುಷ್ಕರ ಶುರುವಾದ ಮೇಲೆ ಬಸ್ಸಿಲ್ಲ. ಇದನ್ನು ಪಾಂಡಪ್ಪನ ಜೀಪಿನಲ್ಲಿ ತಾಂಡೂರಿಗೆ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಾಡಿನ ಮಾತೆತ್ತಿದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀಯ.

ಅವ್ವ ಆರಾಮ ಇದ್ದಾಳೆ. ನಿನ್ನೆ ಊರಿನ ಹೆಂಗಸರು ಹಬ್ಬದ ಹೂವಿನ ಬತುಕಮ್ಮನನ್ನು ನೀರಿಗೆ ಬಿಟ್ಟು, ಅಲ್ಲಿಂದ ನೇರ ನಿರಾಹಾರ ದೀಕ್ಷೆಯ ಟೆಂಟಿಗೆ ಬಂದು ಕುಳಿತರು. ಕುಳಿತವರಿಗೆ ಹಾಡು ಬೇಕು. ನಮ್ಮ ತಂಡದಲ್ಲಿ ಈಗ ಹಾಡಲು ನಾನಿದ್ದೇನೆ, ನುಡಿಸಲು ಯಾರೂ ಇಲ್ಲ. ತಾಂಡೂರಿನ ಕಲ್ಲು ಪಾಲಿಶ್ ಮಷೀನಿಗೆ ನಿನ್ನ ಬಲಗೈಯ ಎರಡು ಬೆರಳು ಹೋದಂದಿನಿಂದ ಹಾರ್ಮೋನಿಯಂ ಮುಚ್ಚಿಯೇ ಇದೆ. ಅಪ್ಪನೂ ಅಂದಿನಿಂದ ಹಲಗೆ ಬಾರಿಸಿಲ್ಲ.

‘ಸ್ಟೇಜ್ ಮ್ಯಾಲ ಕುಂತ್ರ ಮಂದಿ ಹಾಡ ಕೇಳಂಗಿಲ್ಲ, ನನ್ನ ಕೈ ನೋಡ್ತಾರ. ನನ್ನ ಬಿಟ್ಟುಬಿಡು’ ಎಂದು ನೀನು ಬರೆದಿದ್ದೆ. ನಾನು ಬಿಟ್ಟಿಲ್ಲ ಎಂದು ತಿಳಿಸುವುದಕ್ಕೇ ಈ ಪತ್ರ.

ಜಹೀರಾಬಾದಿನಲ್ಲಿ ಮದುವೆ ಬ್ಯಾಂಡ್ ನಡೆಸುವ ಮೊಗಲಪ್ಪ ಮಾಮಾ ನಮ್ಮ ತಂಡದ ಹಿರಿಯರಾದ ಮನ್ಮಥಪ್ಪ ಕಾಕಾ ಅವರಿಗೆ ಫೋನಿನಲ್ಲಿ ಹೇಳಿದ್ದ: “ನನ್ನ ತಾವ ಎರಡು ಕೀಬೋರ್ಡ್ ಅದಾವ. ಯಾವದರೆ ಒಂದು ಒಯ್ರಿ. ತೆಲಂಗಾಣ ಬಂದ ಮ್ಯಾಲ ವಾಪಸ್ ಕೊಡ್ರಿ.”

“ಅದು ಬರೂದ್ ಯಾವಾಗ, ನಿನ್ನ ಕೀಬೋರ್ಡ್ ತಿರುಗಿ ಬರೂದ್ ಯಾವಾಗ?” ಎಂದರು ಕಾಕಾ.

“ಅದಕ್ಕ ಜೋರ್ ಬಾರಸ್ರಿ. ಲಗೂ ಬರ್ತದ.”

ಕಾಕಾಗೆ ಹೊಸದರ ಮೇಲೆ ಮನಸ್ಸಾಯಿತು. ಹಗುರ, ಮೈತುಂಬ ದೀಪ, ನೂರಾರು ತಾಳ. ಸೆಲ್ ಹಾಕಿದರೂ ನಡೆಯುತ್ತದೆ. ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುವ ಈ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ನಿನ್ನೆ ರಾತ್ರಿ ಅದನ್ನೇ ಟೆಂಟಿಗೆ ತಂದೆವು. ನಾನು ತೆಲಂಗಾಣಕ್ಕಾಗಿ ಜೀವ ಕೊಟ್ಟ ಹುಡುಗರ ಹಾಡು ಎತ್ತಿಕೊಂಡೆ. ನಿನಗೆ ಗೊತ್ತಲ್ಲ, ನಡುವೆ ಹಾಡು ನಿಲ್ಲಿಸಿ ನಾವು ಒಬ್ಬೊಬ್ಬರ ಹೆಸರು ಕೂಗುತ್ತೇವೆ, ಜನ ‘ಅಮರ’ ಎನ್ನುವವರೆಗೆ ಅಪ್ಪನ ಹಲಗೆ ತಡೆದು ನಿಲ್ಲುತ್ತಿತ್ತು. ಈ ಕೀಬೋರ್ಡಿನ ತಾಳ ನಿಲ್ಲಲಿಲ್ಲ. ಕಾಕಾ ಗಾಬರಿಯಲ್ಲಿ ಇನ್ನೊಂದು ಗುಂಡಿ ಒತ್ತಿದರು. ಮೊಗಲಪ್ಪ ಮಾಮಾ ಬರಾತಿಗೆಂದು ಇಟ್ಟುಕೊಂಡಿದ್ದ ತಾಳ ಹೊರಟಿತು. ಹಿಂದೆ ತೂಕಡಿಸುತ್ತಿದ್ದ ಆತ್ಮಾರಾಮ ತಾತ ಎದ್ದು, ಟವೆಲ್ ಬೀಸಿ ಕುಣಿಯುತ್ತ, “ಯಾರ ಲಗ್ನ ಅದ?” ಎಂದ. ಜನ ನಕ್ಕರು. ಮುಂದೆ ಕುಳಿತಿದ್ದ ಹೆಂಗಸರು ಮಾತ್ರ ನಗಲಿಲ್ಲ.

ಟೆಂಟಿನ ಹಿಂದೆ ಕಾಕಾ ಜೊತೆ ಜಗಳವಾಯಿತು. ಆ ಇನ್ನೊಂದನ್ನು ತರೋಣ ಎಂದೆ.

“ಏನವ್ವಾ ಮೌನಿ, ಅದು ಹಳೀ ಸಿಂಥಸೈಜರ್. ಹೆಣಾ ಹೊತ್ತಂಗ ಹೊರಬೇಕು. ಅದರಾಗ ತಾಳ ಇಲ್ಲ, ಸೆಲ್ ಮ್ಯಾಲ ನಡಿಯಂಗಿಲ್ಲ. ನಿನ್ನ ಕರಪತ್ರದ ಸಿದ್ಧಾಂತದಿಂದ ಕರೆಂಟ್ ಬರ್ತದೇನು?”

ಇವತ್ತು ಬೆಳಿಗ್ಗೆ ನಾನು ಪಾಂಡಪ್ಪನ ಜೀಪು ಹತ್ತಿ ಜಹೀರಾಬಾದಿಗೆ ಹೋದೆ. ಮಾಮಾನ ಅಂಗಡಿಯಲ್ಲಿ ಕುಳಿತು, ಬಲಗೈಯ ತೋರುಬೆರಳು, ನಡುಬೆರಳು ಮಡಚಿ ಕರ್ಚೀಫಿನಿಂದ ಬಿಗಿದು ಕಟ್ಟಿಕೊಂಡೆ.

“ಕೈಗಿ ಏನಾತು?” ಎಂದ ಮಾಮಾ.

“ಇದು ನನ್ನ ಕೈ ಅಲ್ಲ ಮಾಮಾ. ಅಣ್ಣಂದು.”

ಅವನು ಸಿಂಥಸೈಜರಿನ ಧೂಳು ಒರೆಸಿ, ವೈರು ಚುಚ್ಚಿ, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತ.

ಅಣ್ಣಾ, ಈಗ ಗಮನವಿಟ್ಟು ಓದು. ಹಾರ್ಮೋನಿಯಂಗೆ ಒಂದು ಕೈ ಗಾಳಿ ಹಾಕಲೇಬೇಕು, ಆದ್ದರಿಂದ ಎಲ್ಲ ಸ್ವರಗಳ ಭಾರ ಇನ್ನೊಂದು ಕೈಯ ಮೇಲೆ. ಇದಕ್ಕೆ ಗಾಳಿ ಬೇಡ. ನಿನ್ನ ಎಡಗೈ ಬಿಡುವಾಗಿರುತ್ತದೆ. ಎಡಗಡೆ ಅರ್ಧ ಮುಳುಗಿದ ಎರಡು ಚಕ್ರಗಳಿವೆ. ಒಂದನ್ನು ಹೆಬ್ಬೆರಳಿನಿಂದ ಮುಂದೆ ತಳ್ಳಿದರೆ ಒತ್ತಿ ಹಿಡಿದ ಸ್ವರವೇ ಜಾರಿ ಮೇಲೇರುತ್ತದೆ, ಬಿಟ್ಟರೆ ತನ್ನ ಜಾಗಕ್ಕೆ ಮರಳುತ್ತದೆ. ಇನ್ನೊಂದು ಸ್ವರವನ್ನು ನಡುಗಿಸುತ್ತದೆ. ಮೆಲ್ಲಗೆ ಒತ್ತಿದರೆ ಮೆಲುದನಿ, ಬಡಿದರೆ ದೊಡ್ಡ ದನಿ. ಆ ದೀಪದ ಕೀಬೋರ್ಡಿಗೆ ಇದು ಯಾವುದೂ ಗೊತ್ತಿಲ್ಲ. ಹೇಗೆ ಒತ್ತಿದರೂ ಒಂದೇ ದನಿ. ನೀನು ಕಲಿಸಿದ ಹಾಡಿನಲ್ಲಿ ಮೂರು ಬೆರಳು ಓಡಬೇಕಾದ ತಿರುವಿದೆಯಲ್ಲ, ಅದನ್ನು ಒಂದೇ ಬೆರಳು ಇಟ್ಟು, ಚಕ್ರ ತಳ್ಳಿ ದಾಟಿದೆ. ನನ್ನಂಥ ಮೊಂಡು ಕೈಗೇ ಬಂತು. ಹಾರ್ಮೋನಿಯಂನಲ್ಲಿ ಸ್ವರದ ಎರಡು ಮನೆಗಳ ಸಂದಿಯಲ್ಲಿ ಸಿಕ್ಕದೆ ಹೋಗುತ್ತಿದ್ದ, ಅವ್ವ ಹಾಡುವಾಗ ಎಳೆಯುವ ಆ ಸ್ವರವೂ ಅಲ್ಲಿತ್ತು.

ಮನುಷ್ಯನ ಅಳತೆಗೆ ಯಂತ್ರ ಬಾಗಬೇಕು ಎಂದು ಎಷ್ಟೋ ಕರಪತ್ರಗಳಲ್ಲಿ ಓದಿದ್ದೆ, ಭಾಷಣದಲ್ಲೂ ಹೇಳಿದ್ದೆ. ಬಾಗುವ ಯಂತ್ರವನ್ನು ಮೊದಲು ಕಂಡದ್ದು ಅಲ್ಲಿ.

ಕರೆಂಟಿಗೆ ದಾರಿಯಾಯಿತು. ಜೀಪಿನ ಬ್ಯಾಟರಿಗೆ ಇನ್ವರ್ಟರ್ ಕಟ್ಟಿಕೊಡುತ್ತೇನೆ ಎಂದಿದ್ದಾನೆ ಪಾಂಡಪ್ಪ. ಕಾಕಾ ಕೊನೆಗೆ ಕೇಳಿದ್ದು ಒಂದೇ: “ನುಡಸಾವ ಯಾರು? ತಾಳಕ್ಕ ಹಲಗಿ ಯಾರು?”

“ಅಣ್ಣ ಬರ್ತಾನ. ಅಪ್ಪ ಬಾರಸ್ತಾನ,” ಎಂದುಬಿಟ್ಟೆ. ಇಬ್ಬರನ್ನೂ ಕೇಳಿರಲಿಲ್ಲ.

“ಐತ್ವಾರ ನಾರಾಯಣಖೇಡದಾಗ ಸಭಾ ಅದ. ಅವರು ಬರಲಿಲ್ಲಂದ್ರ ನೀನೇ ಸ್ಟೇಜ್ ಹತ್ತಿ ಕರಪತ್ರ ಓದು. ಮಂದಿ ಮನಿಗಿ ಲಗೂ ಹೋಗ್ತಾರ.”

ಹೀಗೆ ಆ ಭಾರದ ಸಿಂಥಸೈಜರ್ ನಮ್ಮ ಮನೆಗೆ ಬಂದಿದೆ. ನೀನು ಬರದಿದ್ದರೆ ಅದರಿಂದ ತಂಡಕ್ಕೆ ಏನೂ ಉಪಯೋಗವಿಲ್ಲ; ನಾರಾಯಣಖೇಡಕ್ಕೆ ಮತ್ತೆ ಆ ಬರಾತಿನ ತಾಳವೇ ಹೋಗುತ್ತದೆ. ಶನಿವಾರ ಪಾಂಡಪ್ಪ ತಾಂಡೂರಿನಿಂದ ಮರಳುತ್ತಾನೆ. ಅವನ ಜೊತೆ ಬಾ. ಒಂದು ಸಲ ಕುಳಿತು ಚಕ್ರದ ಮೇಲೆ ಹೆಬ್ಬೆರಳಿಡು. ನಿನಗೆ ಒಪ್ಪದಿದ್ದರೆ ನಾನೇ ಅದನ್ನು ಮಾಮಾಗೆ ಮರಳಿಸುತ್ತೇನೆ, ಮತ್ತೆ ಈ ಮಾತು ಎತ್ತುವುದಿಲ್ಲ.

ಮಂದಿ ಕೈ ನೋಡುತ್ತಾರೆ ಎಂದೆಯಲ್ಲ. ನೋಡಲಿ. ತಾಂಡೂರಿನ ಕಲ್ಲು ಹಾಸಿದ ಮನೆಗಳಲ್ಲಿ ಬರಿಗಾಲಲ್ಲಿ ಓಡಾಡುವವರು, ಆ ಕಲ್ಲು ಹೇಗೆ ನುಣುಪಾಯಿತು ಎಂದು ಒಮ್ಮೆ ನೋಡಲಿ.

ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದೆನೆಂದು ಬರೆ ಎಂದಳು ಅವ್ವ. ಹೊತ್ತಿಗೆ ಸರಿಯಾಗಿ ಉಣ್ಣು ಎಂದೂ ಬರೆಸಿದ್ದಾಳೆ.

ನಿನ್ನ ದಾರಿ ಕಾಯುವ ತಂಗಿ,
ಮೌನಿಕಾ

ತಾ.ಕ.: ಬರೆಯಬಾರದೆಂದುಕೊಂಡಿದ್ದೆ. ನಿನ್ನ ಪತ್ರದಲ್ಲಿ ಎಲ್ಲರ ಕ್ಷೇಮ ಕೇಳಿದ್ದೀಯ, ಅಪ್ಪನದೊಂದನ್ನು ಬಿಟ್ಟು. ಓದಿ ಹೇಳು ಎಂದು ಅಪ್ಪ ಎದುರು ಕುಳಿತಿದ್ದ. ‘ಅಪ್ಪ ಹ್ಯಾಂಗಿದ್ದಾನ’ ಎಂದು ನಾನೇ ಸೇರಿಸಿ ಓದಿದೆ. “ಅದೊಂದು ಮಾತು ಇನ್ನೊಮ್ಮಿ ಓದು,” ಎಂದ. ಅದು ಯಾವ ಸಾಲಿನಲ್ಲಿದೆ ಎಂದು ನಟಿಸಬೇಕೋ ನನಗೆ ತಿಳಿಯಲಿಲ್ಲ, ತಡವರಿಸಿದೆ. ಅಪ್ಪನಿಗೆ ಗೊತ್ತಾಯಿತು. ಅವ್ವನ ಕಡೆ ತಿರುಗಿ ಹೇಳಿದ: “ಅವ ಒಲ್ಲೆ ಅಂದ್ರೂ ಕೈ ಹಿಡದು ಆ ಮಷೀನ್ ಮುಂದ ನಿಲ್ಲಿಸಿ ಬಂದಾವ ನಾ. ಅದೇ ಕೈಲೆ ಹಲಗಿ ಹ್ಯಾಂಗ ಬಡೀಲಿ?” ಅಣ್ಣಾ, ಸಿಂಥಸೈಜರ್ ನಾನು ಆರಿಸಿ ತಂದೆ. ಹಲಗೆ ಎತ್ತಿಕೋ ಎಂದು ನಾನು ಹೇಳಿದರೆ ಅವನು ಎತ್ತಿಕೊಳ್ಳುವುದಿಲ್ಲ. ಅದನ್ನು ನೀನೇ ಬಂದು ಹೇಳಬೇಕು.