ಬೆಡ್‌ಫರ್ಡ್ ವ್ಯಾನ್ ನೋಡಲು ಬಂದವನು

ಲೂಟನ್,
14 ಮಾರ್ಚ್ 1972

ಪ್ರೀತಿಯ ಕ್ಲಿಫರ್ಡ್,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೆ? ಗ್ಲಾಸ್ಗೋದ ಚಳಿಗೆ ಉಣ್ಣೆಯ ಬನಿಯನ್ ಬಿಡಬೇಡ. ನನ್ನ ಮಂಡಿನೋವು ಹಾಗೇ ಇದೆ. ನಿನ್ನ ಅಪ್ಪನ ಮಣ್ಣಿನ ದಿನ ಚೀಟಿಯಿಲ್ಲದ ಹೂವೊಂದು ಬಂತು. ನಿನ್ನದೇ ಎಂದುಕೊಂಡೆ. ಅವರ ಕೋಟು ಇನ್ನೂ ವ್ಯಾನಿನಲ್ಲಿದೆ. ತರಲು ಹೋದವಳು ಆಲೂಗಡ್ಡೆಯ ವಾಸನೆ ಮೂಗಿಗೆ ಬಡಿದು ಹಾಗೇ ಬಿಟ್ಟು ಬಂದೆ.

ಕಳೆದ ಗುರುವಾರ ಟ್ರಾಂಟರ್ ಎಂಬವನೊಬ್ಬ ತರಕಾರಿ ಮಾರಲು ವ್ಯಾನ್ ಬೇಕೆಂದು ಬಂದಿದ್ದ. ಗ್ಯಾರೇಜು ಖಾಲಿ ಮಾಡಬೇಕೆಂಬ ವಿಷಯ ನಿನಗೂ ಪಕ್ಕದ ಮನೆಯ ಹಿಲ್ಡಾಗೂ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹಿಲ್ಡಾ ಬೇಲಿಯಾಚೆಯಿಂದಲೇ ಪಿಸುಗುಟ್ಟಿದಳು, "ಅವನ ಬೂಟು ನೋಡಿದ್ಯೇನೇ? ತರಕಾರಿ ಮಾರೋನ ಬೂಟಲ್ಲ ಅದು. ಕೀಲಿ ಜೋಪಾನ." ನಾನು ಕೀಲಿಯನ್ನು ಏಪ್ರನ್ನಿನ ಜೇಬಿಗಿಳಿಸಿದೆ.

"ಇದರ ಕಥೆ ಹೇಳೀಮ್ಮಾ" ಎಂದ. ಹೇಳಿದೆ. ಐವತ್ತೈದರಲ್ಲಿ ನಮ್ಮೂರ ಕಾರ್ಖಾನೆಯಿಂದಲೇ ಹೊರಬಿದ್ದದ್ದು, ಮೊದಲು ಡನ್‌ಸ್ಟೇಬಲ್ಲಿನ ಬ್ರೆಡ್ಡಿನವನ ಬಳಿ ಇತ್ತು, ಆಮೇಲೆ ಬಟ್ಟೆ ಒಗೆಯುವವರ ಬಳಿ, ಅರವತ್ತೊಂದರಲ್ಲಿ ನಮ್ಮ ತರಕಾರಿ ವ್ಯಾಪಾರಕ್ಕೆ ಬಂತು. ಅಪ್ಪ ಬಳಿದ ಹಸಿರಿನಡಿ ಬ್ರೆಡ್ಡಿನವನ ಅಕ್ಷರ ಈಗಲೂ ಬಿಸಿಲಿಗೆ ಕಾಣುತ್ತದೆ. ಅರ್ಧ ಇಂಜಿನ್ನು ಚಾಲಕನ ಪಕ್ಕದಲ್ಲೇ ಇರುವುದರಿಂದ ಚಳಿಗಾಲದಲ್ಲಿ ಅಪ್ಪನ ಕಾಲು ಬೆಚ್ಚಗಿರುತ್ತಿತ್ತು, ಬೇಸಿಗೆಯಲ್ಲಿ ಬಾಗಿಲು ಸರಿಸಿಕೊಂಡೇ ಮನೆಯಿಂದ ಮನೆಗೆ ಓಡಿಸುತ್ತಿದ್ದರು. ಆ ಮಾದರಿಯ ತಯಾರಿಕೆ ನಿಂತು ಮೂರು ವರ್ಷವಾಯಿತು.

ಎಲ್ಲ ಕೇಳಿಸಿಕೊಂಡ. ಆದರೆ ಇಂಜಿನ್ ತೆರೆಯಿರಿ ಎನ್ನಲಿಲ್ಲ, ಬಗ್ಗಿ ತುಕ್ಕು ನೋಡಲಿಲ್ಲ. ಹದಿನೇಳು ವರ್ಷದ ವ್ಯಾನನ್ನು ಹಾಗೆ ಯಾರು ಕೊಳ್ಳುತ್ತಾರೆ? ಕಳ್ಳನಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಎಡಬಾಗಿಲ ಬಳಿ ಹೋದ. ಅದು ಹಳಿ ತಪ್ಪಿರುವುದು ನಿನಗೆ ಗೊತ್ತಲ್ಲ. ಮೆಕ್ಯಾನಿಕ್ಕು ಕೂಡ ಎಳೆದೆಳೆದು ಬೈದು ಹೋಗಿದ್ದ. ಇವನು ಮಂಡಿಯಿಂದ ಒತ್ತಿ, ಹಿಡಿ ಮೇಲೆತ್ತಿ, ಒಂದೇ ಸಲಕ್ಕೆ ಸರಿಸಿದ. ಆ ವರಸೆ ಬಲ್ಲವರು ಮೂವರೇ. ಅಪ್ಪ ಇಲ್ಲ. ನಾನು ಹೇಳಿಕೊಟ್ಟಿಲ್ಲ.

ಯಾರಿಗೆ ಎಂದು ಕೇಳಿದೆ. "ನನಗಲ್ಲಮ್ಮಾ, ಸ್ನೇಹಿತನಿಗೆ" ಎಂದು ಟೋಪಿ ತಿರುವತೊಡಗಿದ. ಮಾರುವುದಿಲ್ಲ ಎಂದು ಟೀ ಕೊಟ್ಟು ಕಳಿಸಿದೆ.

ನೀನು ತರಕಾರಿ ವ್ಯಾಪಾರ ಬೇಡವೆಂದು ಹಡಗು ಕಟ್ಟಲು ಹೊರಟ ದಿನ ಅಪ್ಪ, "ನಾನಿರೋವರೆಗೂ ಅವನು ಈ ವ್ಯಾನು ಮುಟ್ಟಕೂಡದು" ಎಂದಿದ್ದರು. ನಾನು ಸುಮ್ಮನಿದ್ದೆ. ಆರು ವರ್ಷ ಸುಮ್ಮನಿದ್ದೆ. ಅದು ತಪ್ಪು. ಆದರೆ ಅಮ್ಮನ ಬಳಿಗೆ ಪರರನ್ನು ಕಳಿಸುವುದು ಸರಿಯೇನಪ್ಪ?

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ

ಮರೆತಿದ್ದೆ: ಶನಿವಾರ ಹನ್ನೊಂದಕ್ಕೆ ಗುಜರಿಯವರು ವ್ಯಾನ್ ಒಯ್ಯಲು ಬರುತ್ತಾರೆ. ಮಾರುವುದಿಲ್ಲ ಎಂದದ್ದು ಆ ಟ್ರಾಂಟರನಿಗೆ. ನಿನಗೆ ಬೇಕಿದ್ದರೆ ಅದಕ್ಕೆ ಮೊದಲು ನೀನೇ ಬಾ. ಉತ್ತರ ಬರೆಯುತ್ತ ಕೂರಬೇಡ. ಬೆಳಿಗ್ಗೆಯಿಂದ ಗ್ಯಾರೇಜಿನಲ್ಲೇ ಇರುತ್ತೇನೆ.