ಅವ್ವನ ಎದೆಯ ಮಬ್ಬು ಚಿತ್ರ ಮತ್ತು ತಮ್ಮ ಬೀಗ

ಮಾನ್ಯ ಸಂಶೋಧನಾ ಅನುದಾನ ಅಧಿಕಾರಿಗಳೇ,

ಅವ್ವ ತೀರಿಕೊಂಡು, ಆಕೆಯ ಮಣ್ಣಿಗೆಂದು ನಾನು ಹುಕ್ಕೇರಿಗೆ ಹೋಗಿದ್ದಾಗ ತಾವು ನನ್ನ ಪ್ರಯೋಗಾಲಯಕ್ಕೆ ಬೀಗ ಹಾಕಿಸಿದಿರಿ. 'ಸಂಶೋಧಕಿ ಕೆಲಸ ತೊರೆದಿದ್ದಾರೆ. ಈ ಸಂಶೋಧನೆಯಿಂದ ಸಾಮಾನ್ಯ ಜನರಿಗೆ ಉಪಯೋಗ ಕಂಡುಬರುವುದಿಲ್ಲ' ಎಂದು ಆದೇಶದಲ್ಲಿದೆ. ಆ ಸಾಮಾನ್ಯ ಜನರಲ್ಲಿ ಒಬ್ಬಳ ಸಂಗತಿ ಹೇಳುತ್ತೇನೆ, ಪುರುಸೊತ್ತಿದ್ದರೆ ಓದಿ.

ನನ್ನ ಅವ್ವ ಸಾವಂತ್ರೆವ್ವ ಮಂದಿಯ ಹೊಲದಲ್ಲಿ ಕಬ್ಬು ಕಡಿದು ನನ್ನನ್ನು ಓದಿಸಿದಳು. ನಾನು ಎಂ.ಎಸ್ಸಿ. ಮುಗಿಸಿದ ವರ್ಷ, 2003ರಲ್ಲಿ, ಆಕೆಗೆ ಏದುಸಿರು ಶುರುವಾಯಿತು. ಹೃದಯದ ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನೋಡ್ರಿ, ಬರೇ ಮಬ್ಬು ಕಾಣಾಕತ್ತೈತಿ. ರಕ್ತದಾಗ ಸಣ್ಣ ಗುಳ್ಳಿ ಬಿಡೋ ಔಷಧ ಹೊರದೇಶದಾಗ ಐತಿ. ಅದಿದ್ರ ಹೃದಯದ ಒಳಗೆಲ್ಲಾ ಚೊಲೋ ಕಾಣತಿತ್ತು. ನಮ್ಮ ಹತ್ರ ಇಲ್ರಿ."

ತಮ್ಮ ಅನುದಾನ ಪಡೆದು ನಾನು ಹಿಡಿದದ್ದು ಅದೇ ಕೆಲಸ. ಕಬ್ಬಿಣದ ಆಕ್ಸೈಡಿನ ನ್ಯಾನೋಕಣಗಳನ್ನು ತೆಳು ಪೊರೆಯಲ್ಲಿ ಹೆಣೆದು, ಒಳಗೆ ಅನಿಲ ತುಂಬಿ, ರಕ್ತಕಣಕ್ಕಿಂತ ಸಣ್ಣ ಗುಳ್ಳೆ ಮಾಡುವುದು. ಸ್ಕ್ಯಾನಿಂಗಿನ ಶಬ್ದದ ಅಲೆ ಅದಕ್ಕೆ ತಾಗಿ ಮರಳಿದರೆ ಚಿತ್ರ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ನನ್ನ ಗುಳ್ಳೆಗಳು ಮಾಡಿದ ಕೂಡಲೇ ಒಡೆದವು. ಒಂದು ದಿನ ಒಡೆಯಲಿಲ್ಲ. ಊರಿಗೆ ಫೋನ್ ಮಾಡಿದೆ.

"ಅವ್ವಾ, ಗುಳ್ಳಿ ನಿಂತಾವು."

"ಹಂಗಾದ್ರ ನನಗ ಯಾವಾಗ ಹಾಕ್ತಿ?"

"ಮೊದಲ ಇಲಿಗೆ ಹಾಕಿ ನೋಡಬೇಕವ್ವಾ. ಭಾಳ ವರ್ಷ ಹಿಡೀತೈತಿ."

"ಆತೇಳು. ನನಗಲ್ಲದಿದ್ರ ಮತ್ತೊಬ್ಬಾಕಿಗೆ ಆಕ್ಕೈತಿ."

ಆ ಮಳೆಗಾಲದಲ್ಲೇ ಅವ್ವ ತೀರಿಕೊಂಡಳು. ಹೃದಯದಲ್ಲಿ ಹೆಪ್ಪುಗಟ್ಟಿದ್ದ ರಕ್ತ ಮಿದುಳಿಗೆ ಹೋಯಿತು ಎಂದರು ಡಾಕ್ಟರು. ಮಬ್ಬು ಚಿತ್ರದಲ್ಲಿ ಆ ಹೆಪ್ಪು ಕಂಡಿರಲಿಲ್ಲ. ತಮ್ಮಿಂದ ಸತ್ತಳೆಂದು ನಾನು ಹೇಳುವುದಿಲ್ಲ. ನನ್ನ ಗುಳ್ಳೆಯೂ ಆಕೆಯನ್ನು ತಲುಪುತ್ತಿರಲಿಲ್ಲ. ಆದರೆ ರಜೆ ಕೇಳಿಕೊಂಡು, ಅಳುತ್ತ ಬಸ್ಸು ಹತ್ತಿದವಳನ್ನು ಕೆಲಸ ತೊರೆದವಳು ಎಂದು ಬರೆಯಲು ತಮಗೆ ಮನಸ್ಸಾದರೂ ಹೇಗೆ ಬಂತು? ಹೆಣ ಮನೆಯಲ್ಲಿಟ್ಟು ಹಾಜರಿ ಹಾಕಲು ಬರಬೇಕಿತ್ತೇ?

ಮರಳಿ ಬಂದಾಗ ಜವಾನ ರಾಜಪ್ಪ ತಲೆ ತಗ್ಗಿಸಿಕೊಂಡು ಬಾಗಿಲು ತೆರೆದ. "ಕರೆಂಟ್ ತಗಸ್ಯಾರ್ರಿ ಅಕ್ಕಾರ. ಫ್ರಿಜ್ಜಿನಾಗಿಂದು ಎಲ್ಲಾ ಕೆಟ್ಟೈತಿ." ಗುಳ್ಳೆಗಳನ್ನಿಟ್ಟಿದ್ದ ಸೀಸೆಗಳಲ್ಲಿ ಬರೀ ನೀರಿತ್ತು, ತಳದಲ್ಲಿ ಕಂದು ಮಡ್ಡಿ. ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ. ಅವ್ವನಿಗಾಗಿಯೋ ಗುಳ್ಳೆಗಳಿಗಾಗಿಯೋ, ಇವತ್ತಿಗೂ ತಿಳಿಯದು. ಈಗ ಆ ಕೋಣೆಯಲ್ಲಿ ತಮ್ಮ ಕಚೇರಿಯ ಮುರುಕು ಕುರ್ಚಿಗಳಿವೆ. ಅವುಗಳಿಂದ ಜನರಿಗೆ ಬಹಳ ಉಪಯೋಗವಿರಬೇಕು.

ಅನುದಾನ ನನಗೆ ಬೇಡ. ನನ್ನ ಸಹಪಾಠಿ ಸೋನಾಲಿ ಈ ಕೆಲಸ ಮುಂದುವರಿಸಲು ಸಿದ್ಧಳಿದ್ದಾಳೆ. ಕಲಿತದ್ದೆಲ್ಲ ಅವಳಿಗೆ ಹೇಳಿಕೊಡುತ್ತೇನೆ. ಕುರ್ಚಿಗಳನ್ನು ಹೊರಗೆ ಹಾಕಿಸಿ ಕೋಣೆಯನ್ನು ಅವಳಿಗೆ ಕೊಡಿ. ಮೂಡಲಗಿಯಿಂದಲೋ ಘಟಪ್ರಭೆಯಿಂದಲೋ ಬಂದ ಯಾರದೋ ಅವ್ವ ಈ ಹೊತ್ತು ಎದೆ ಹಿಡಿದುಕೊಂಡು ಸ್ಕ್ಯಾನಿಂಗಿಗೆ ಪಾಳಿ ಹಚ್ಚಿ ನಿಂತಿದ್ದಾಳೆ.

ಇಂತಿ,
ಸದ್ಯ ಹುಕ್ಕೇರಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಸಾಬೂನಿನ ಗುಳ್ಳೆ ಊದಿ ತೋರಿಸುವ
ಆಮ್ರಪಾಲಿ